ಎರಡು ಮಾಪ

ನಮ್ಮ ಕಡೆ ಜೋಳ ಅಳೆಯುವುದಕ್ಕೂ ಮಾಪ ಅನ್ನುತ್ತಾರೆ, ತಪ್ಪು ಮನ್ನಿಸುವುದಕ್ಕೂ ಮಾಪ ಅನ್ನುತ್ತಾರೆ. ಮೊದಲನೆಯದು ಮರಾಠಿಯಿಂದ ಬಂದದ್ದು. ಎರಡನೆಯದು ಉರ್ದುವಿನ ಮಾಫ್, ನಮ್ಮವರ ನಾಲಿಗೆಯಲ್ಲಿ ಸವೆದು ಮಾಪ್ ಆಗಿದೆ. ಈ ವ್ಯತ್ಯಾಸ ನಮ್ಮ ಚರ್ಚಿನ ಸಭೆಯಲ್ಲಿ ನನಗೊಬ್ಬನಿಗೇ ಗೊತ್ತು ಎಂದು ನಾನು ಬಹಳ ವರ್ಷ ಬೀಗಿದೆ.

ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಿನ ಒಂದು ಹಳ್ಳಿ ನಮ್ಮದು. ಮಣ್ಣಿನ ಗೋಡೆ, ತಗಡಿನ ಮಾಡಿನ ಒಂದು ಚರ್ಚು, ಅದಕ್ಕೆ ಬರುವ ಕೆಲವೇ ಕ್ರೈಸ್ತ ಮನೆಗಳು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಬಲ್ಲ ಮಾಸ್ತರರಿಗೆ ಬೆಲೆ ಬಂತು. ಮಿಶನ್ ಬೋರ್ಡಿಂಗಿನಲ್ಲಿದ್ದು ಕನ್ನಡ ಓದಿದ್ದ ನಾನು ಶಾಲೆಯ ಮಾಸ್ತರನಾದೆ, ಭಾನುವಾರ ವಾಕ್ಯ ಓದುವವನಾದೆ, ಚಿಕ್ಕ ವಯಸ್ಸಿಗೇ ಸಭೆಯ ಹಿರಿಯನೂ ಆದೆ. ಪಾದ್ರಿಯವರು ಹುಮನಾಬಾದಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಸಭೆ ಎಂದರೆ ನಾನೇ.

ಒಂದು ಭಾನುವಾರ, ಇನ್ನೊಬ್ಬರ ಮೇಲೆ ತೀರ್ಪು ಹೇಳಬಾರದು, ನಾವು ಅಳೆದ ಅಳತೆಯಲ್ಲೇ ನಮಗೂ ಅಳೆದು ಕೊಡುತ್ತಾರೆ ಎನ್ನುವ ಭಾಗ ಓದಿದೆ. ಓದು ಬರದವರಿಗೂ ತಿಳಿಯಲಿ ಎಂದು ‘ಅಳತೆ ಅಂದ್ರ ಮಾಪ’ ಎಂದು ಬಿಡಿಸಿ ಹೇಳಿದೆ. ಆರಾಧನೆ ಮುಗಿದ ಮೇಲೆ ನನ್ನ ಚಿಗವ್ವ ಹತ್ತಿರ ಬಂದಳು. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಗಂಡ ತೀರಿಹೋಗಿದ್ದ. ಕಲ್ಯಾಣದ ಅಡತಿ ಅಂಗಡಿಯೊಂದರಲ್ಲಿ ಜೋಳ ಹಸನು ಮಾಡುವ ಕೂಲಿ ಮಾಡುತ್ತಿದ್ದಳು. ಸಂಜೆ ಅಲ್ಲಿ ಕೂಲಿಯ ಜೋಳ ಅಳೆದುಕೊಡುವಾಗ, ಮಾಪದ ಅಂಚಿಗಿಂತ ಒಂದು ಕಾಳೂ ಮೇಲೆ ಉಳಿಯದ ಹಾಗೆ ಅಂಗೈಯಿಂದ ಎಳೆದುಬಿಡುತ್ತಿದ್ದರಂತೆ.

“ಖರೇ ಮಾತ ಹೇಳ್ದಿ ತಮ್ಮಾ,” ಎಂದಳು. “ನಾವ್ ಎಷ್ಟ ಮಾಪ್ ಮಾಡ್ತೀವಿ, ದೇವ್ರು ನಮಗೂ ಅಷ್ಟೇ ಮಾಪ್ ಮಾಡ್ತಾನ.”

ಎಲ್ಲರಿಗೂ ಕೇಳುವ ಹಾಗೆ ನಕ್ಕೆ. “ಅದು ಜ್ವಾಳದ ಮಾಪ, ಚಿಗವ್ವ. ಕ್ಷಮಾ ಬ್ಯಾರೆ, ಅಳತಿ ಬ್ಯಾರೆ.”

“ಬ್ಯಾರೆ ಹ್ಯಾಂಗ ಆಗ್ತದ?” ಎಂದು ಕೇಳಿದಳು. ದಡ್ಡರಿಗೆ ಎಷ್ಟು ಹೇಳಿದರೂ ಅಷ್ಟೇ ಎಂದುಕೊಂಡೆ.

ಮರುವರ್ಷ ಅವಳ ಮಗಳ ಕೂಸಿಗೆ ಜ್ವರ ಬಂತು. ಪ್ರಾರ್ಥನೆ ಮಾಡಿದೆವು, ಸರಕಾರಿ ದವಾಖಾನೆಯ ಔಷಧಿಯೂ ಆಯಿತು. ಜ್ವರ ಇಳಿಯಲಿಲ್ಲ. ಚಿಗವ್ವ ಕೂಸನ್ನು ಎತ್ತಿಕೊಂಡು ಕಲ್ಯಾಣದ ಒಂದು ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿಕೊಂಡು ಬಂದಳು. ಕೂಸು ಬದುಕಿತು. ಪಾದ್ರಿಯವರು ಬಂದು ರೊಟ್ಟಿ, ದ್ರಾಕ್ಷಾರಸ ಕೊಡುವ ಪ್ರಭುಭೋಜನದ ಭಾನುವಾರ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಜಮಖಾನೆಯ ಮೇಲೆ ಮೊಣಕಾಲೂರಿದಳು. ಕೂಸಿನ ಕೊರಳಲ್ಲಿ ತಾಯಿತದ ಕರಿ ದಾರ ಕಂಡಿತು. ನಾನು ಎದ್ದು ಹೋಗಿ ಪಾದ್ರಿಯವರ ಕಿವಿಯಲ್ಲಿ ಹೇಳಿದೆ. ರೊಟ್ಟಿಯ ತಟ್ಟೆ ಅವಳನ್ನು ದಾಟಿ ಮುಂದಿನವರಿಗೆ ಹೋಯಿತು. ಅವಳು ಒಡ್ಡಿದ ಅಂಗೈ ಸ್ವಲ್ಪ ಹೊತ್ತು ಹಾಗೇ ಇತ್ತು. ತನ್ನನ್ನು ಮರೆತರು ಎಂದುಕೊಂಡಿರಬೇಕು.

ಸಭೆಯ ಮುಂದೆ ನಿಂತು ಪಾಪ ಒಪ್ಪಿಕೊಂಡರೆ ಮತ್ತೆ ಕೊಡಬಹುದು ಎಂದು ತೀರ್ಮಾನವಾಯಿತು. ಆ ತೀರ್ಮಾನವೂ ನನ್ನದೇ. ಚಿಗವ್ವ ಎದ್ದು ನಿಂತಳು. “ತಪ್ಪಾಗಿದ್ರ ಮಾಪ್ ಮಾಡ್ರಿ,” ಎಂದಳು.

ಪಾದ್ರಿಯವರು ಸಾಕು ಎನ್ನುವ ಹಾಗೆ ಕೈ ಎತ್ತಿದರು. ನಾನು ಬಿಡಲಿಲ್ಲ. ‘ಆಗಿದ್ದರೆ’ ಎಂದರೆ ಪಶ್ಚಾತ್ತಾಪವಾಗುವುದಿಲ್ಲ, ‘ನಾನು ಪಾಪ ಮಾಡಿದೆ’ ಎಂದು ಸ್ಪಷ್ಟವಾಗಿ ಹೇಳಬೇಕು ಎಂದೆ. ಹುಡುಗರಿಗೆ ವ್ಯಾಕರಣ ತಿದ್ದುವ ದನಿಯಲ್ಲೇ ಹೇಳಿದೆ, ಅದು ಈಗಲೂ ನನ್ನ ಕಿವಿಯಲ್ಲಿದೆ.

“ಕೂಸ ಬದಕಿದ್ದು ಪಾಪ ಅಂತ ನಾ ಹ್ಯಾಂಗ ಅನ್ಲಿ, ಮಾಸ್ತರ?” ಎಂದಳು. ತಮ್ಮಾ ಎನ್ನಲಿಲ್ಲ.

ಅಂದಿನಿಂದ ಅವಳು ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಕೂರತೊಡಗಿದಳು. ಒಂದು ಭಾನುವಾರವೂ ತಪ್ಪಿಸಲಿಲ್ಲ. ಪ್ರಭುಭೋಜನದ ದಿನ ಎಲ್ಲರೂ ಮುಂದೆ ಹೋದಾಗ ಅಲ್ಲೇ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಸಭೆಯ ಶಿಸ್ತು ಉಳಿಯಿತು ಎಂದು ನನಗೆ ಸಮಾಧಾನವಾಗಿತ್ತು. ಆ ಸಮಾಧಾನ ನೆನೆದರೆ ಈಗ ಮೈ ಉರಿಯುತ್ತದೆ.

ಹಲವು ವರ್ಷಗಳ ಮೇಲೆ ನನ್ನ ಮಗಳಿಗೆ ಜ್ವರ ಬಂತು. ಮೂರು ವಾರ ಇಳಿಯಲಿಲ್ಲ. ಹುಮನಾಬಾದಿನ ಡಾಕ್ಟರು ಕೈಚೆಲ್ಲಿದರು. ನಾನು ಯಾರಿಗೂ ಹೇಳದೆ, ಮಗಳನ್ನು ಹೆಗಲಿಗೆ ಹಾಕಿಕೊಂಡು ಕಲ್ಯಾಣದ ಬಸ್ಸು ಹತ್ತಿದೆ. ಅದೇ ದರ್ಗಾ. ಅಲ್ಲಿನ ಮುದುಕರು ನನ್ನ ಜಾತಿ ಧರ್ಮ ಯಾವುದನ್ನೂ ಕೇಳಲಿಲ್ಲ, ಹುಡುಗಿಯ ತೋಳಿಗೆ ದಾರ ಕಟ್ಟಿ ನೀರು ಕುಡಿಸಿದರು. ಮಗಳು ಎದ್ದು ಓಡಾಡತೊಡಗಿದ ಮೇಲೆ ಅವಳಿಗೆ ಉದ್ದ ತೋಳಿನ ಅಂಗಿ ಹೊಲಿಸಿದೆ. ದಾರ ಬಿಚ್ಚುವ ಧೈರ್ಯ ನನಗಿರಲಿಲ್ಲ.

ಆ ತಿಂಗಳ ಪ್ರಭುಭೋಜನದ ದಿನ ಮಗಳು ಬಾಗಿಲ ಬಳಿ ಚಿಗವ್ವನ ತೊಡೆ ಏರಿದಳು. ಅಂಗಿಯ ತೋಳು ಮೇಲೆ ಸರಿಯಿತು. ಚಿಗವ್ವ ದಾರ ನೋಡಿದಳು, ತಲೆ ಎತ್ತಿ ನನ್ನನ್ನು ನೋಡಿದಳು. ಅವಳು ಆ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದು ಗುಂಡಿ ಹಾಕಿದಳು. ನಾನು ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ ತಿಂದೆ.

ಅವಳು ಹಾಸಿಗೆ ಹಿಡಿದದ್ದು ಅದಾಗಿ ಎರಡು ವರ್ಷಕ್ಕೆ. ನೋಡಲು ಹೋದಾಗ ಕೇಳಿದ್ದು ಒಂದೇ. “ಒಮ್ಮೆ ಪ್ರಭುಭೋಜನ ಕೊಡಸು ತಮ್ಮಾ. ಸಾಯೂದ್ರೊಳಗ.”

ಹುಮನಾಬಾದಿಗೆ ಹೋಗಿ ಪಾದ್ರಿಯವರನ್ನು ಕಂಡೆ. “ಅಂದು ಬ್ಯಾಡಂದವ್ರು ನೀವು. ಇಂದು ಬೇಕಂತ ಸಭಾದಾಗ ನೀವೇ ಹೇಳ್ರಿ, ನಾಳೆನೇ ಬರ್ತೀನಿ,” ಎಂದರು. ಹೇಳಲು ಒಂದು ಮಾತು ಸಾಕಿತ್ತು. ಆದರೆ ಈಗ ಯಾಕೆ ಎಂದು ಸಭೆ ಕೇಳಿದರೆ ನನ್ನ ಮಗಳ ದಾರದ ವಿಷಯ ಬರುತ್ತಿತ್ತು. ಎರಡು ಭಾನುವಾರ ಎದ್ದು ನಿಂತೆ, ಎರಡೂ ಸಲ ವಾಕ್ಯ ಓದಿ ಕೂತೆ.

ಚಿಗವ್ವನಿಗೆ ಹೋಗಿ ಮುಂದಿನ ವಾರ ಎಂದು ಹೇಳಿದೆ. ಅವಳಿಗೆ ಎಲ್ಲ ತಿಳಿಯಿತು.

“ಇರ್ಲಿ ಬಿಡು,” ಎಂದಳು. “ನಾ ನಿಂಗ ಮಾಪ್ ಮಾಡೀನಿ. ಮಾಪದ ಮ್ಯಾಲ ಕೈ ಎಳದಿಲ್ಲ.”

ಗುರುವಾರ ಹೋದಳು. ಮಣ್ಣು ಮಾಡುವಾಗ ವಾಕ್ಯ ಓದಿದವನು ನಾನೇ. ಓದಿದ್ದು ಚೆನ್ನಾಗಿತ್ತು ಎಂದು ನಾಲ್ಕು ಜನ ಹೇಳಿದರು. ಮುಂದಿನ ಭಾನುವಾರ ಪಾದ್ರಿಯವರು ಬಂದರು, ಜಮಖಾನೆ ಹಾಸಿದರು, ನಾನು ಕೈ ಒಡ್ಡಿದೆ. ತಟ್ಟೆ ನನ್ನನ್ನು ದಾಟಿ ಹೋಗಲಿಲ್ಲ. ಇಂದಿನವರೆಗೂ ಒಂದು ಸಲವೂ ದಾಟಿ ಹೋಗಿಲ್ಲ.