ಮಾಳಿಗಿ ಇಲ್ಲದ ಮನಿ

ಬೇಸಿಗೆಯಲ್ಲಿ ಅವ್ವನನ್ನು ನಮ್ಮ ಬಿಸಿಲೂರು ಮಾನ್ವಿಯಿಂದ ಬೆಟ್ಟದ ಕಾಡಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಮರದ ಕ್ಯಾಬಿನ್ ಮುಂದೆ ಇಳಿದವಳೇ ಹಾಸಿಗೆ ಸುರುಳಿ ಬಗಲಲ್ಲಿಟ್ಟುಕೊಂಡು ಅದರ ಸುತ್ತ ನಡೆದು ಬಂದಳು.

"ತಮ್ಮಾ, ಮಾಳಿಗಿ ಹತ್ತಾಕ ಮೆಟ್ಟಿಲು ಎಲ್ಲಿ ಅದಾವ?"

ಕ್ಯಾಬಿನ್ ನೋಡಿಕೊಳ್ಳುವವನು ಇಳಿಜಾರಿನ ಸೂರು ತೋರಿಸಿದ. "ಮೇಲೆ ಯಾಕಮ್ಮಾ?"

"ಮಲಗಾಕ. ಬ್ಯಾಸಗ್ಯಾಗ ಒಳಗ ಯಾರು ಮಲಗ್ತಾರ?"

"ಜಾರಿ ಬೀಳ್ತೀರಿ. ಇಲ್ಲಿ ಎಲ್ಲರ ಮನೆಯೂ ಹೀಗೇ."

ಅವ್ವ ಸೂರನ್ನೇ ದಿಟ್ಟಿಸಿದಳು. "ಹಂಗಾರ ಮೆಣಸಿನಕಾಯಿ ಎಲ್ಲಿ ಒಣಗಸ್ತೀರಿ? ಬಾಜೂಮನಿಯವರ ಜೋಡಿ ಎಲ್ಲಿ ಕುಂತು ಮಾತಾಡ್ತೀರಿ?"

"ಪಕ್ಕದ ಮನೆ ಆ ಗುಡ್ಡದಾಚೆ ಇದೆ, ಅಮ್ಮಾ."

ಊರಿಗೆ ಬಂದ ಮೇಲೆ ಓಣಿಯವರು ಕಾಡು ಹೇಗಿತ್ತೆಂದು ಕೇಳಿದರು. ಮಾಳಿಗೆ ಮೇಲೆ ಚಾಪೆ ಹಾಸುತ್ತ ಅವ್ವ, "ಭಾಳ ಚೆಂದ ಅದ. ಪಾಪ, ಆ ಮಂದಿಗೆ ಮಾಳಿಗಿನೇ ಇಲ್ಲ" ಎಂದಳು.

ಅಲ್ಲಿ ರಾತ್ರಿ ಚಳಿಗೆ ತಾನೇ ಬಾಗಿಲು, ಕಿಟಕಿ ಮುಚ್ಚಿಸಿ, ಎರಡೆರಡು ರಗ್ಗು ಹೊದ್ದು ಮಲಗಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.