ಮೈನಸ್‌ಗೆ ಇಳಿದ ಏಳನೇ ಮಗ್ಗ

ಗೆಳೆಯರೇ, ಇವತ್ತು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಟವೆಲ್ ಕಾರ್ಖಾನೆಯಲ್ಲಿ ಒಂದು ಮಗ್ಗ ತಾನು ನೇಯ್ದದ್ದನ್ನೆಲ್ಲ ವಾಪಸ್ ಬಿಚ್ಚಿಬಿಟ್ಟಿತು. ಹಾಗಂತ ನನ್ನ ಕಂಪ್ಯೂಟರ್ ಹೇಳಿತು.

ಈವರೆಗೆ ನೇಯ್ದ ಒಟ್ಟು ಬಟ್ಟೆಯನ್ನು ಎಣಿಸುವ ಮೀಟರ್ ಪ್ರತಿ ಮಗ್ಗಕ್ಕೂ ಇದೆ; ಅದರ ಅಂಕಿ ಕಾಲು ಗಂಟೆಗೊಮ್ಮೆ ನನ್ನ ಡೇಟಾಬೇಸಿಗೆ ಬರುತ್ತದೆ. ಹೊಸ ಅಂಕಿಯಲ್ಲಿ ಹಳೆಯದನ್ನು ಕಳೆದರೆ ಅಷ್ಟು ಹೊತ್ತಿನಲ್ಲಿ ನೇಯ್ದ ಬಟ್ಟೆ ಎಷ್ಟೆಂದು ಸಿಗುತ್ತದೆ. ಇವತ್ತು ಏಳನೇ ಮಗ್ಗಕ್ಕೆ ಸಿಕ್ಕ ಉತ್ತರ ಮೈನಸ್ ನಾಲ್ಕು ಸಾವಿರ ಮೀಟರ್. ಪರದೆಯ ಮೇಲಿನ ಗೆರೆ ಬಾವಿಗೆ ಬಿದ್ದಂತೆ ಇಳಿದಿತ್ತು. ನನಗೋ, ಟವೆಲ್ಲುಗಳು ನೂಲಾಗಿ, ನೂಲು ಹತ್ತಿಯಾಗಿ, ಹತ್ತಿ ಹಗುರಾಗಿ ತೇಲುತ್ತ ಹೊಲದ ಕಾಯಿಗಳೊಳಗೆ ಹೋಗಿ ಮಲಗಿದಂತೆ ಕಂಡಿತು.

ಮ್ಯಾನೇಜರರಿಗೆ ಕಂಡದ್ದು ಕಳ್ಳತನ. ವಳಸಂಗದಿಂದ ಬರುವ ನೇಕಾರ ನಿಂಗಪ್ಪ ಕಾಕಾನನ್ನು ಕರೆಸಿದರು. "ಇಷ್ಟು ಬಟ್ಟಿ ಎಲ್ಲಿ ಹೋತು? ಹೇಳಲಿಲ್ಲಂದ್ರ ನಾಳಿಂದ ಬರಬ್ಯಾಡ."

ಕಾಕಾ ಸಾವಕಾಶ ಹೇಳಿದ: "ಇವತ್ತ ಅಮಾಸಿ ಐತಲ್ರಿ ಸಾಹೇಬ್ರ. ಮಗ್ಗಾ ಒರಸಿ, ಬೀರೋಬಾ ದೇವರ ಭಂಡಾರ ಹಚ್ಚಿ, ಮೀಟರ್ ಸೊನ್ನಿ ಮಾಡೀನಿ. ಪೂಜಾ ಆದಮ್ಯಾಗ ಹಳೇ ಲೆಕ್ಕಾ ಹೊರಸಬಾರದ್ರಿ ಅದಕ್ಕ."

ಹೊಸ ಅಂಕಿ ಹಳೆಯದಕ್ಕಿಂತ ಚಿಕ್ಕದಿದ್ದರೆ ಕಳೆಯಬೇಡ, ಸೊನ್ನೆಯಿಂದ ಎಣಿಸು ಎಂದು ಕಂಪ್ಯೂಟರಿಗೆ ಬರೆದೆ. ಲೆಕ್ಕ ಸರಿಹೋಯಿತು, ಮ್ಯಾನೇಜರ್ ಕಾಕಾನನ್ನು ಮತ್ತೆ ಮಗ್ಗಕ್ಕೆ ಕಳಿಸಿದರು. ಕಾಕಾ ನನ್ನ ಮಾನಿಟರಿಗೂ ಅದೇ ಭಂಡಾರದ ಒಂದು ಬೊಟ್ಟು ಅರಿಶಿನ ಇಟ್ಟು ಹೋದ.

ಆ ಬಿದ್ದ ಗೆರೆಯ ಒಂದು ಫೋಟೋ ಮಾತ್ರ ಇಟ್ಟುಕೊಂಡಿದ್ದೇನೆ. ನಮ್ಮ ಟವೆಲ್ಲುಗಳು ಕಾಲು ಗಂಟೆ ರಜೆ ಹಾಕಿ ಊರಿಗೆ ಹೋಗಿ ಬಂದದ್ದಕ್ಕೆ ಅದೊಂದೇ ದಾಖಲೆ.