ಶೆಟ್ಟಿಕೆರೆಯಿಂದ ಏರ್‌ಪೋರ್ಟಿಗೆ ಮೂರು ಗಂಟೆ

ನಾನು ಕ್ಯಾಪ್ಟನ್ ಆದ ಸುದ್ದಿ ಫೋನಿನಲ್ಲಿ ಬಂದಾಗ ಕೆ.ಬಿ. ಕ್ರಾಸಿನಲ್ಲಿ ನಿಂತು ಎಳನೀರು ಕುಡಿಯುತ್ತಿದ್ದೆ. ಅರ್ಧ ಎಳನೀರು ಅಂಗಿಯ ಮೇಲೆ ಚೆಲ್ಲಿಹೋಯಿತು. ರಸ್ತೆ ಬದಿಯಲ್ಲಿ ಒಬ್ಬಳೇ ಕುಣಿದಾಡುತ್ತಿದ್ದ ನನ್ನನ್ನು ಎಳನೀರಿನವರು ಒಂದು ಗಳಿಗೆ ನೋಡಿ, ಏನೂ ಕೇಳದೆ ಇನ್ನೊಂದು ಕೆತ್ತಿ ಕೈಗಿಟ್ಟರು. ಅದರ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಎಂಟು ವರ್ಷ ವಿಮಾನದ ಬಲಗಡೆಯ ಸೀಟಿನಲ್ಲಿ ಕೂತವಳು ನಾನು. ಇನ್ನು ಮೇಲೆ ಎಡಗಡೆಯ ಸೀಟು ನನ್ನದು. ಅದಕ್ಕಿಂತ ದೊಡ್ಡ ಸುದ್ದಿ ಫೋನಿನ ಕೊನೆಯಲ್ಲಿ ಬಂತು: ನನ್ನ ಬೇಸ್ ಬೆಂಗಳೂರೇ. ಬೇಸ್ ಎಂದರೆ ಪೈಲಟ್‌ನ ಕೆಲಸ ಶುರುವಾಗುವ, ಮುಗಿಯುವ ಊರು. ಕ್ಯಾಪ್ಟನ್ ಮಾಡಿದ ಮೇಲೆ ದೆಹಲಿಗೋ ಕೋಲ್ಕತ್ತಕ್ಕೋ ಎಸೆಯುತ್ತಾರೆ ಎಂದು ತಿಂಗಳುಗಟ್ಟಲೆ ಹೆದರಿದ್ದೆ. ಆ ಹೆದರಿಕೆ ಒಂದೇ ಮಾತಿಗೆ ಮಾಯವಾಯಿತು.

ತಕ್ಷಣ ಗಂಡನಿಗೆ ಫೋನ್ ಮಾಡಿದೆ. ಅವರು ಶೆಟ್ಟಿಕೆರೆಯಲ್ಲಿ ದನದ ಡಾಕ್ಟರು. ಆ ಹೊತ್ತಿಗೆ ಅವರ ಕೈ ಹಸುವಿನ ಹೊಟ್ಟೆಯೊಳಗೆ, ಅಡ್ಡ ತಿರುಗಿದ ಕರುವಿನ ಕಾಲಿನ ಮೇಲಿತ್ತು. ಹಸುವಿನ ಯಜಮಾನರು ಫೋನನ್ನು ಅವರ ಕಿವಿಗೆ ಹಿಡಿದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು "ಹೌದಾ" ಅಂದರು. ನನ್ನ ಗಂಡನ ಮಟ್ಟಿಗೆ ಅದು ಪಟಾಕಿ ಹೊಡೆದಷ್ಟೇ ಸಂಭ್ರಮ.

ಅಲ್ಲಿಂದ ಶೆಟ್ಟಿಕೆರೆಗೆ ಕಾರು ಓಡಿಸುವಷ್ಟರಲ್ಲಿ ನಾನು ನಮ್ಮ ಮುಂದಿನ ಬದುಕನ್ನೆಲ್ಲ ತೀರ್ಮಾನಿಸಿಬಿಟ್ಟಿದ್ದೆ. ಮದುವೆಯಾಗಿ ಮೂರು ವರ್ಷ. ನಾನು ದೇವನಹಳ್ಳಿಯ ಹತ್ತಿರ ಫ್ಲಾಟಿನಲ್ಲಿ, ಅವರು ಇಲ್ಲಿ ತೆಂಗಿನ ತೋಟದೊಳಗಿನ ಬಾಡಿಗೆ ಮನೆಯಲ್ಲಿ. ನನಗೆ ರಜೆ ಸಿಕ್ಕಾಗ ನಾನೇ ಬರುತ್ತಿದ್ದೆ. ಒಟ್ಟಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಒಂದು ಸೂರಿನ ಕೆಳಗೆ ಇದ್ದ ನೆನಪೇ ನನಗಿಲ್ಲ. ಇನ್ನು ಸಾಕು, ಫ್ಲಾಟ್ ಬಿಡುತ್ತೇನೆ, ಶೆಟ್ಟಿಕೆರೆಯಲ್ಲೇ ಇದ್ದು ಕೆಲಸಕ್ಕೆ ಓಡಾಡುತ್ತೇನೆ ಅಂದುಕೊಂಡೆ. ಖುಷಿಗೆ ಹಾರ್ನ್ ಹೊಡೆದುಕೊಂಡು ಊರೊಳಗೆ ಬಂದೆ.

ಇದು ಹುಚ್ಚು ಎಂದು ಯಾರಾದರೂ ಅಂದರೆ ನನ್ನ ಬಳಿ ಉತ್ತರ ತಯಾರಿತ್ತು. ನಮ್ಮಲ್ಲಿ ಒಬ್ಬ ಹಿರಿಯ ಕ್ಯಾಪ್ಟನ್ ಕೊಚ್ಚಿಯಲ್ಲಿ ಮನೆ ಮಾಡಿಕೊಂಡು ಕೆಲಸಕ್ಕೆ ಬೆಂಗಳೂರಿಗೆ ಬರುತ್ತಾರೆ, ಅದೂ ವಿಮಾನದಲ್ಲಿ ಪ್ರಯಾಣಿಕರ ಸೀಟಿನಲ್ಲಿ ಕೂತು. ಸೀಟು ತುಂಬಿದ್ದರೆ ಮುಂದಿನ ವಿಮಾನಕ್ಕೆ ಕಾಯುತ್ತ ಉಗುರು ಕಚ್ಚುತ್ತಾರೆ. ನನಗೆ ಆ ಪಾಡಿಲ್ಲ. ನನ್ನದು ನೆಲದ ಮೇಲಿನ ದಾರಿ. ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು, ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ. ಬೆಂಗಳೂರಿನೊಳಗೆ ಕಾಲಿಡುವುದೇ ಬೇಡ. ಮೂರು ವರ್ಷದಿಂದ ಓಡಾಡಿದ ರಸ್ತೆ, ಸರಿಯಾಗಿ ಮೂರು ಗಂಟೆ.

ಅಂದು ಮಧ್ಯಾಹ್ನವೇ ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆದೆ. ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಪೆಟ್ರೋಲ್, ತುಮಕೂರಿನಲ್ಲಿ ರಸ್ತೆ ಕಟ್ಟಿಕೊಂಡರೆ ಯಾವ ಬಳಸುದಾರಿ. ಕ್ಯಾಪ್ಟನ್ ತರಬೇತಿಯಲ್ಲಿ ಕಲಿತ ವಿದ್ಯೆಯೆಲ್ಲ ಆ ಹಾಳೆಯ ಮೇಲಿತ್ತು. ಆ ತರಬೇತಿಯಲ್ಲಿ ನಮಗೆ ದಿನಗಟ್ಟಲೆ ಅರೆದು ಕುಡಿಸಿದ ಇನ್ನೊಂದು ಪಾಠವಿತ್ತು. ಕ್ಯಾಪ್ಟನ್ ಆದವರು ತಮ್ಮ ತೀರ್ಮಾನವನ್ನು ಮೊದಲು ಬಾಯಿಬಿಟ್ಟು ಹೇಳಬಾರದು. ಬಲಗಡೆ ಕೂತವರನ್ನು "ನೀವೇನಂತೀರಿ?" ಎಂದು ಕೇಳಬೇಕು. ನೀವು ಮೊದಲೇ ಹೇಳಿಬಿಟ್ಟರೆ ಪಕ್ಕದವರು ತಮ್ಮ ಮನಸ್ಸಿನಲ್ಲಿದ್ದದ್ದನ್ನು ನುಂಗಿಕೊಂಡು ಹೂಂ ಅನ್ನುತ್ತಾರೆ. ಈ ಪಾಠದಲ್ಲಿ ನನ್ನನ್ನು ತರಬೇತುದಾರರು ಎಲ್ಲರೆದುರು ಹೊಗಳಿದ್ದರು.

ಗಂಡ ಊಟಕ್ಕೆ ಬಂದಾಗ ತಟ್ಟೆಗಿಂತ ಮೊದಲು ಹಾಳೆ ಇಟ್ಟೆ. ಅವರು ಪೂರ್ತಿ ಓದಿದರು. ಮುದ್ದೆ ಮುರಿಯುತ್ತ ಒಂದೇ ಪ್ರಶ್ನೆ ಕೇಳಿದರು: ಸ್ಟ್ಯಾಂಡ್‌ಬೈ ದಿನ ಏನು ಮಾಡ್ತೀಯ?

ಅದೇ ನನ್ನ ಹುಣ್ಣು. ಸ್ಟ್ಯಾಂಡ್‌ಬೈ ದಿನ ನಮಗೆ ಹಾರಾಟವಿರುವುದಿಲ್ಲ, ಆದರೆ ಯಾರಿಗಾದರೂ ಹುಷಾರು ತಪ್ಪಿದರೆ ಆಫೀಸಿನಿಂದ ಫೋನ್ ಬರುತ್ತದೆ. ಒಂದೂವರೆ ಗಂಟೆಯೊಳಗೆ ಏರ್‌ಪೋರ್ಟಿನಲ್ಲಿರಬೇಕು. ಮೂರು ಗಂಟೆಯ ದಾರಿಯನ್ನು ಒಂದೂವರೆ ಗಂಟೆಗೆ ಮಡಚುವ ವಿದ್ಯೆ ಯಾವ ತರಬೇತಿಯಲ್ಲೂ ಇಲ್ಲ. ಜೊತೆಗೆ ಶುಕ್ರವಾರದೊಳಗೆ ಒಂದು ಫಾರಂ ತುಂಬಿ ಕೊಡಬೇಕಿತ್ತು. ಮನೆ ವಿಳಾಸ, ಮತ್ತು ಆ ವಿಳಾಸದಿಂದ ಹೊತ್ತಿಗೆ ಸರಿಯಾಗಿ ಬರಬಲ್ಲೆ ಎಂಬ ಒಪ್ಪಿಗೆಯ ಸಹಿ. ಶೆಟ್ಟಿಕೆರೆ ಎಂದು ಬರೆದರೆ ಹೊಸ ಕ್ಯಾಪ್ಟನ್‌ಗಿರಿಗೆ ಮೊದಲ ವಾರವೇ ಕಪ್ಪುಚುಕ್ಕೆ ಬೀಳಬಹುದು. ಫ್ಲಾಟ್ ಎಂದು ಬರೆದರೆ ನಾವಿಬ್ಬರೂ ಮತ್ತೆ ನಾಲ್ಕು ದಿನದ ಗಂಡ ಹೆಂಡತಿ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಸ್ಟ್ಯಾಂಡ್‌ಬೈ ದಿನ ಏರ್‌ಪೋರ್ಟಿನ ಹತ್ತಿರ ಗೆಳತಿಯ ರೂಮಿನಲ್ಲಿ ಒಂದು ಮಂಚ ಹಾಕಿಕೊಳ್ಳುತ್ತೇನೆ, ಅದನ್ನೂ ಬರೆದಿದ್ದೇನೆ, ಕೆಳಗೆ ಓದಿ ಎಂದು ರೇಗಿದೆ. ಅವರು "ಸರಿ" ಅಂದರು. ಗೋಡೆಯ ಮೇಲೆ ಲಸಿಕೆಯ ಕ್ಯಾಲೆಂಡರ್ ಇತ್ತು. ನನ್ನ ಡ್ಯೂಟಿಗಳ ಹೊತ್ತನ್ನು ಅವರು ಅದರಲ್ಲಿ ಪ್ರತಿ ತಿಂಗಳೂ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು. ಊಟ ಮುಗಿಸಿ ಅದನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತು, ಆಸ್ಪತ್ರೆಗೆ ಹೋದರು. ಆ "ಸರಿ" ಒಪ್ಪಿಗೆಯೋ, ಮಾತು ಮುಗಿಸುವ ದಾರಿಯೋ ಎಂದು ನಾನು ವಿಚಾರಿಸಲಿಲ್ಲ.

ಮಾರನೇ ದಿನ ಜಿಲೇಬಿ ಕಟ್ಟಿಸಿಕೊಂಡು ಅಪ್ಪನನ್ನು ನೋಡಲು ಹೋದೆ. ನಮ್ಮದು ಹುಳಿಯಾರಿನ ಕಡೆಯ ಹಟ್ಟಿ, ಕುರಿ ಸಾಕುವ ಮನೆತನ. ಭತ್ತದ ಕೊಯ್ಲು ಮುಗಿದ ಮೇಲೆ ಅಪ್ಪ ಮಂದೆ ಹೊಡೆದುಕೊಂಡು ದಬ್ಬೇಘಟ್ಟದ ಕಡೆಗೆ ಬರುತ್ತಾನೆ. ಒಂದೊಂದು ರಾತ್ರಿ ಒಬ್ಬೊಬ್ಬರ ಗದ್ದೆ, ತೋಟದಲ್ಲಿ ಕುರಿ ತರುಬಿ ಮಲಗಿಸುತ್ತಾನೆ. ಅವರಿಗೆ ಗೊಬ್ಬರ, ನಮಗೆ ಮೇವು. ನನ್ನ ಗಂಡ ನನಗೆ ಸಿಕ್ಕಿದ್ದೂ ಈ ಮಂದೆಯಲ್ಲೇ. ನೀಲಿನಾಲಿಗೆ ರೋಗ ಬಂದ ವರ್ಷ ಲಸಿಕೆ ಹಾಕಲು ಬಂದವರು ಮೂರು ದಿನ ಅಲ್ಲೇ ಉಳಿದು ಅರ್ಧಕ್ಕರ್ಧ ಕುರಿ ಉಳಿಸಿಕೊಟ್ಟರು. ಅಳಿಯ ಆದ ಮೇಲೂ ಅಪ್ಪ ಅವರನ್ನು ಡಾಕ್ಟ್ರೇ ಎಂದೇ ಕರೆಯುತ್ತಾನೆ.

ಕ್ಯಾಪ್ಟನ್ ಆದೆ ಎಂದಾಗ ಅಪ್ಪ ಟವೆಲ್‌ನಿಂದ ಕಣ್ಣು ಒರೆಸಿಕೊಂಡು, ಧೂಳು ಕಣವ್ವ ಅಂದ. ಆಮೇಲೆ ನನ್ನ ಓಡಾಟದ ಯೋಜನೆ ಕೇಳಿ ಜಿಲೇಬಿ ತಿನ್ನುವುದನ್ನು ನಿಲ್ಲಿಸಿದ.

"ಯಾರಾರ ಮುಂದುಕ್ಕೋಗಿ ನೋಡ್ಕಂಡ್ ಬಂದವ್ರಾ?"

ನಮ್ಮಲ್ಲಿ ಮಂದೆ ಒಂದು ಜಾಗದಿಂದ ಏಳುವ ಮೊದಲು ಒಬ್ಬರು ಒಂದು ದಿನ ಮುಂಚೆ ಮುಂದೆ ಹೋಗಿ ಬರಬೇಕು. ನೀರೆಲ್ಲಿ, ಹುಲ್ಲೆಲ್ಲಿ, ಯಾರ ತೋಟ, ಎಲ್ಲಿ ಹೈವೇ ದಾಟಬೇಕು ಎಂದು ನೋಡಿ, ಬಂದು ಹೇಳಬೇಕು. ಆಮೇಲೆಯೇ ಮಂದೆ ಏಳುವುದು. ಬೇರೆಯವರು ಫೋನಿನಲ್ಲಿ ಹೇಳಿದರೂ ಅಪ್ಪ ಕೇಳುವವನಲ್ಲ. ಮೂರು ವರ್ಷದಿಂದ ಅದೇ ರಸ್ತೆಯಲ್ಲಿ ಬರುತ್ತಿದ್ದೇನಲ್ಲ ಎಂದು ನಾನು ನಕ್ಕೆ.

"ನೀನು ಮನೆಗ್ ಬಂದಿದೀಯ ಕಣವ್ವ. ಕೆಲ್ಸಕ್ಕೋಗಿಲ್ಲ. ಅದು ಬ್ಯಾರೆ ದಾರಿ."

ಗಾಳಿ ಎದುರಾದಾಗ ಒಂದು ಲೆಕ್ಕ, ಹಿಂದಿನಿಂದ ತಳ್ಳುವಾಗ ಇನ್ನೊಂದು ಲೆಕ್ಕ ಎಂದು ಪೈಲಟ್‌ಗೆ ಕುರಿ ಕಾಯುವವನು ಹೇಳಿಕೊಡಬೇಕಾಯಿತು. ನಿಜವಾಗಿ ನಾನು ಆ ರಸ್ತೆಯನ್ನು ಅಳೆದದ್ದು ಬರುವಾಗ ಮಾತ್ರ. ಹೋಗುವಾಗ ಹಿಂದಿನ ದಿನವೇ, ಬೇಕಾದ ಹೊತ್ತಿಗೆ, ಅಲ್ಲಲ್ಲಿ ಕಾಫಿ ಕುಡಿದುಕೊಂಡು ಹೋಗುತ್ತಿದ್ದೆ.

ಮರುದಿನ ಬೆಳಗ್ಗೆಯೇ ಅಪ್ಪ ಮಂದೆಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಕಂಬಳಿ ಹೆಗಲಿಗೆ ಹಾಕಿ ಬಸ್ಸು ಹತ್ತಿಯೇಬಿಟ್ಟ. ಹಿಂದಿನ ಸಂಜೆಯೇ ಫ್ಲಾಟಿಗೆ ಹೋಗಿದ್ದ ನನಗೆ ಅವತ್ತು ಪುಣೆಯ ಹಾರಾಟ, ಎಡಗಡೆ ಸೀಟಿನಲ್ಲಿ ಮೊದಲನೆಯದು. ಪರೀಕ್ಷೆ ಮಾಡುವ ಹಿರಿಯರು ಬಲಗಡೆ ಕೂತಿದ್ದರು. ಮೇಲೇರುತ್ತಿದ್ದಾಗ ಎಡ ಕಿಟಕಿಯ ಕೆಳಗೆ ತುಮಕೂರು ಜಾರಿತು, ಅದರಾಚೆ ಕಡುಹಸುರಿನ ತೋಟಗಳು, ನಡುನಡುವೆ ಬಿಸಿಲಿಗೆ ಮಿನುಗುವ ಕೆರೆಗಳು. ಆ ರಸ್ತೆಯ ಯಾವುದೋ ಬಸ್ಸಿನಲ್ಲಿ ನನ್ನ ಅಪ್ಪ ನನಗಾಗಿ ದಾರಿ ನೋಡುತ್ತಿದ್ದಾನೆ ಅನ್ನಿಸಿ ಮೈ ಜುಮ್ಮೆಂದಿತು. ಮೈಕ್ ತೆಗೆದುಕೊಂಡು ಪ್ರಯಾಣಿಕರಿಗೆಲ್ಲ ಅದನ್ನೇ ಹೇಳಬೇಕು ಎಂಬ ಆಸೆಯನ್ನು ಬಹಳ ಕಷ್ಟಪಟ್ಟು ತಡೆದುಕೊಂಡೆ.

ಎರಡು ದಿನ ಅಪ್ಪನ ಫೋನ್ ಸ್ವಿಚ್ ಆಫ್. ಮೂರನೆಯ ದಿನ, ಗುರುವಾರ ಸಂಜೆ, ನೇರವಾಗಿ ಶೆಟ್ಟಿಕೆರೆಯ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂತು, ಕಾಲು ತೊಳೆದು, ಒಂದು ಚೊಂಬು ಮಜ್ಜಿಗೆ ಕುಡಿದ. ಗಂಡನೂ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ನಾನು ಖಾಲಿ ಫಾರಂ ತೊಡೆಯ ಮೇಲಿಟ್ಟುಕೊಂಡು ಕೂತೆ.

ಮಂದೆಯ ಮುಂದೆ ಹೋಗಿ ಬಂದವರು ಹೇಳುವಂತೆಯೇ ಅಪ್ಪ ಹೇಳಿದ. ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದಿನ ಕೆ.ಬಿ. ಕ್ರಾಸಿನಿಂದಾಚೆ ಲಾರಿ ಹಿಂದೆ ಲಾರಿ. ಬೆಳಗ್ಗೆ ದೊಡ್ಡಬಳ್ಳಾಪುರದ ರಸ್ತೆಯ ತುಂಬ ಗಾರ್ಮೆಂಟ್ಸ್ ಬಸ್ಸು. ಚಳಿಗಾಲದಲ್ಲಿ ಅಲ್ಲಿ ಎದುರಿಗಿದ್ದವರು ಕಾಣದಷ್ಟು ಮಂಜು ಎಂದು ಟೀ ಅಂಗಡಿಯಲ್ಲಿ ಮೂವರು ಡ್ರೈವರುಗಳನ್ನು ಕೇಳಿ ಖಚಿತ ಮಾಡಿಕೊಂಡಿದ್ದ. ಕೆಲಸಕ್ಕೆ ಹೋಗುವವರಿಗೆ ಅದು ಮೂರು ಗಂಟೆಯ ದಾರಿಯಲ್ಲ, ನಾಲ್ಕೂವರೆಯದು. ಅಷ್ಟಕ್ಕೇ ಬಿಡದೆ ಏರ್‌ಪೋರ್ಟಿನ ಹೊರಗೆ ಅರ್ಧ ದಿನ ನಿಂತು, ನಮ್ಮಂತೆ ಸಮವಸ್ತ್ರ ಹಾಕಿಕೊಂಡು ಇಳಿಯುವವರ ಮುಖ ನೋಡಿ, ಎಲ್ಲಿಂದ ಬಂದಿರಿ ಎಂದು ಕೇಳಿದ್ದಾನೆ. ದೂರದಿಂದ ಬಂದವರ ಕಣ್ಣು ಕೆಂಪಗಿತ್ತಂತೆ. ಹೈವೇ ದಾಟಿಸುವವನು ನಿದ್ದೆಗೆಟ್ಟಿದ್ದರೆ ಅವನ ಕೈಗೆ ಕೋಲು ಕೊಡುವುದಿಲ್ಲ, ಅದು ಚಿಕ್ಕಂದಿನಿಂದ ನಾನು ಕಂಡ ನಮ್ಮ ಮಂದೆಯ ಕಟ್ಟುಪಾಡು. ಅಪ್ಪ ನನ್ನ ಕಣ್ಣನ್ನೊಮ್ಮೆ ನೋಡಿದ.

ನನಗೆ ಅಳು ಬಂತು. ಹಾಗಾದರೆ ಆಗುವುದಿಲ್ಲ ಅಂತೀಯಲ್ಲ ಎಂದೆ.

ಅಪ್ಪ ಇನ್ನೂ ಮುಗಿಸಿರಲಿಲ್ಲ. ರಾತ್ರಿ ಉಳಿದದ್ದು ದೊಡ್ಡಬಳ್ಳಾಪುರ ದಾಟಿದ ಮೇಲೆ ಸಿಗುವ ಒಂದು ಊರಿನಲ್ಲಿ, ನಮ್ಮಂತೆಯೇ ಕುರಿ ಸಾಕುವವರ ಮನೆಯಲ್ಲಿ. ಅಲ್ಲೊಂದು ದನದಾಸ್ಪತ್ರೆ ಇದೆ, ಡಾಕ್ಟರ ಜಾಗ ಖಾಲಿ ಬಿದ್ದಿದೆ, ಕಾಯಿಲೆ ಬಿದ್ದ ಕುರಿ ಹೊತ್ತುಕೊಂಡು ಜನ ಪಕ್ಕದೂರಿಗೆ ನಡೆಯುತ್ತಾರೆ. ಅಲ್ಲಿಂದ ಏರ್‌ಪೋರ್ಟಿಗೆ ಅಪ್ಪ ಬೆಳಗ್ಗೆ ಹಾಲಿನ ಗಾಡಿಯಲ್ಲಿ ಕೂತು ಹೋಗಿ ನೋಡಿದ್ದಾನೆ. ಮುಕ್ಕಾಲು ಗಂಟೆ. ಆ ಮನೆಯವರ ಪಕ್ಕದಲ್ಲೇ, ರಸ್ತೆಗೆ ಬಾಗಿಲಿರುವ ಒಂದು ಮನೆ ಬಾಡಿಗೆಗಿದೆ.

"ನೀನ್ ಬರೋ ದಾರಿ ನೋಡಾಕೋದೆ ಕಣವ್ವ," ಅಂದ. "ಡಾಕ್ಟ್ರು ಹೋಗೋ ದಾರಿ ಕಾಣ್ತು."

ನಾನು ಕೆರಳಿದೆ. ಇವರಿಗೆ ಇಲ್ಲಿಯ ಒಂದೊಂದು ಹಸುವಿನ ಜಾತಕವೂ ಗೊತ್ತು, ಜನ ಇವರನ್ನು ಬಿಟ್ಟುಕೊಡುವುದಿಲ್ಲ, ಇವರಿಗೂ ಇಲ್ಲಿಂದ ಕಾಲು ಕೀಳಲು ಇಷ್ಟವಿಲ್ಲ ಎಂದು ಒಂದೇ ಸಮನೆ ಹೇಳಿದೆ. ಅಪ್ಪ ಕೈ ಎತ್ತಿ ನನ್ನನ್ನು ತಡೆದ. ನಿನ್ನನ್ನು ಕೇಳಲಿಲ್ಲ ಅಂದ. ಗಂಡನ ಕಡೆ ತಿರುಗಿದ.

"ನೀವೇನಂತೀರಿ ಡಾಕ್ಟ್ರೇ?"

ನಾನು ಎಲ್ಲರೆದುರು ಹೊಗಳಿಸಿಕೊಂಡಿದ್ದ ವಾಕ್ಯ ಅದು. ಮೂರು ವರ್ಷದಲ್ಲಿ ಒಂದು ದಿನವೂ ಅದನ್ನು ಈ ಜಗಲಿಯ ಮೇಲೆ ಆಡಿರಲಿಲ್ಲ.

"ಹೋಗ್ತೀನಿ," ಅಂದರು ಅವರು, ತಡಮಾಡದೆ. "ಎರಡು ವರ್ಷದಿಂದ ಹೇಳೋಣ ಅಂತಿದ್ದೆ. ಇವಳು ಕೇಳ್ಲಿಲ್ಲ."

ನನ್ನ ಕಿವಿ ಬಿಸಿಯಾಯಿತು. ನಾಚಿಕೆಯೂ ಆಯಿತು, ಅದರ ಬೆನ್ನಲ್ಲೇ ಎದೆ ಕುಣಿಯಲೂ ಶುರುವಾಯಿತು. ಇವರಿಗಾಗಿ ನಾನು ದಿನಾ ನಾಲ್ಕೂವರೆ ಗಂಟೆ ಕಾರು ಓಡಿಸಲು ಹೊರಟಿದ್ದೆ. ನನಗೆ ಈ ಊರು, ಈ ತೋಟವೇ ಬೇಕೆಂದುಕೊಂಡು ಇವರು ಬಾಯಿ ಕಟ್ಟಿಕೊಂಡಿದ್ದರು. ಮತ್ತೆ ನಿಮಗೇನು ಬೇಕಿತ್ತು ಎಂದು ಕೇಳಿದೆ.

ಅವರು ಕ್ಯಾಲೆಂಡರಿನ ಕಡೆ ನೋಡಿದರು. "ನಿಂಗೆ ಆಫೀಸಿಂದ ಫೋನ್ ಬಂದಾಗ ಕಾರಿಗೆ ಗೇಟ್ ತೆಗೆಯೋನು ನಾನಾಗಿರಬೇಕು. ಇನ್ನೇನಿಲ್ಲ."

ವರ್ಗಾವಣೆಗೆ ಅರ್ಜಿ ಹಾಕುತ್ತೇನೆ, ಅದು ಬರುವವರೆಗೆ ಆ ಬಾಡಿಗೆ ಮನೆಗೆ ನಾನೇ ವಾರಕ್ಕೊಮ್ಮೆ ಓಡಾಡುತ್ತೇನೆ, ನಾನೇನು ವಿಮಾನ ಓಡಿಸಬೇಕಾಗಿಲ್ಲವಲ್ಲ ಎಂದೂ ಸೇರಿಸಿದರು. ಅಷ್ಟು ಉದ್ದ ಅವರು ಮಾತಾಡಿದ್ದನ್ನು ಅಪ್ಪನೂ ಅದೇ ಮೊದಲು ಕೇಳಿದ್ದು.

ಆಗ ನನಗೆ ಹೊಳೆಯಿತು. ಡಾಕ್ಟರು ಅಲ್ಲಿಗೆ ಹೋದರೆ ನಿನ್ನ ಕುರಿಗಳಿಗೆ ಯಾರಪ್ಪ ಎಂದೆ. ಆ ದಾರಿ ಹುಡುಕಿಕೊಂಡು ಬಂದವನು ತನ್ನ ಮಂದೆಯ ಡಾಕ್ಟರನ್ನೂ, ಅರ್ಧ ಗಂಟೆಯಲ್ಲಿ ಬಂದು ಜಿಲೇಬಿ ಕೊಡುವ ಮಗಳನ್ನೂ ತಾನೇ ದೂರ ಮಾಡಿಕೊಂಡಿದ್ದ. ಅಪ್ಪ ಕಂಬಳಿ ಕೊಡವಿ ಮಡಚುತ್ತ, "ಬರೋ ವರ್ಷ ಮಂದೆ ಆ ಕಡೀಕೇ ಹೊಡ್ಕಂಡ್ ಬತ್ತೀನಿ ಬುಡು," ಅಂದ. "ಹುಲ್ಲೂ ನೋಡ್ಕಂಡೇ ಬಂದಿದೀನಿ."

ಪೆನ್ನು ತೆಗೆದೆ. ಅಪ್ಪ ಊರಿನ ಹೆಸರು ಹೇಳಿದ. ವಿಳಾಸದ ಜಾಗದಲ್ಲಿ ಅದನ್ನು ಬರೆಯುವ ಮೊದಲು ಗಂಡನ ಕಡೆ ತಿರುಗಿ, ನೀವೇನಂತೀರಿ ಎಂದು ಕೇಳಿದೆ.

"ಬರಿ," ಅಂದರು.